ಒರತೆಗುಂಡಿಯ ಬಿಳಿಮೀನೂ ನನ್ನ ಕಾವಲಿನ ಫಜೀತಿಯೂ

ಹೊಳೆ ಕಾಯುವ ಕೆಲಸ ಅಂದರೆ ದಂಡೆಯ ಮೇಲೆ ಕೂತು ನೀರು ನೋಡುವುದು ಅಂತ ಜನ ತಿಳಿದುಕೊಂಡಿದ್ದಾರೆ. ನಾನೂ ಹಾಗೇ ತಿಳಿದುಕೊಂಡು ಸೇರಿದವನು. ಸೇರಿ ಹದಿನಾಲ್ಕು ವರ್ಷವಾಯಿತು. ನೆಮ್ಮದಿಯಾಗಿ ಕೂತು ನೀರು ನೋಡಿದ ಒಂದು ದಿನವೂ ನೆನಪಿಗೆ ಬರುವುದಿಲ್ಲ. ವಾರಕ್ಕೊಂದು ಏನಾದರೂ ಆಗಿಯೇ ಆಗುತ್ತದೆ, ಅದೂ ಹೆಚ್ಚಾಗಿ ನನ್ನ ಮರ್ಯಾದೆಗೇ ಬಂದು ತಗಲುತ್ತದೆ.

ಮೊದಲು ಜಾಗ ಹೇಳಿಬಿಡುತ್ತೇನೆ. ನೆಲ್ಯಹುದಿಕೇರಿ ದಾಟಿ ಕೆಳಗೆ, ದುಬಾರೆಯ ಆನೆ ಕ್ಯಾಂಪು ಇನ್ನೂ ದೂರ ಇರುವಾಗಲೇ, ಕಾವೇರಿ ಒಂದು ಕಡೆ ಬಂಡೆಗಳ ನಡುವೆ ತಿರುಗುತ್ತಾಳೆ. ಆ ತಿರುವಿನಲ್ಲಿ ಆಳವಾದ ಒಂದು ಮಡು. ಅದರ ತಳದಲ್ಲಿ ಒರತೆ ಇದೆ, ಎಂಥ ಬೇಸಿಗೆಯಲ್ಲೂ ತಣ್ಣಗೆ ಜಿನುಗುತ್ತಿರುತ್ತದೆ. ಅದಕ್ಕೇ ಒರತೆಗುಂಡಿ ಅಂತ ಹೆಸರು. ಮಾರ್ಚ್ ಬಂದು ಹೊಳೆ ಸೊರಗಿತೆಂದರೆ ಮೇಲಿನ, ಕೆಳಗಿನ ಬಿಳಿಮೀನುಗಳೆಲ್ಲ ಆ ತಣ್ಣೀರಿಗೆ ಬಂದು ಸೇರುತ್ತವೆ. ಪೇಟೆಯವರು ಮಹಶೀರ್ ಅನ್ನುವುದು ಇದಕ್ಕೇ. ಮಳೆ ಬರುವ ತನಕ ಅವಕ್ಕೆ ಬೇರೆ ದಾರಿಯಿಲ್ಲ. ಮೀನು ಅಲ್ಲಿ ಸೇರುತ್ತವೆ ಅಂತ ಮೀನಿಗೆ ಗೊತ್ತಿರುವ ಹಾಗೇ ಬಲೆ ಇಟ್ಟುಕೊಂಡವರಿಗೂ ಗೊತ್ತು. ಒಂದು ಬೇಸಿಗೆಯಲ್ಲಿ ಒರತೆಗುಂಡಿ ಬರಿದಾಯಿತೆಂದರೆ ಮಳೆಗಾಲದಲ್ಲಿ ನಮ್ಮ ಹೊಳೆಯಲ್ಲಿ ನೀರು ಮಾತ್ರ ಇರುತ್ತದೆ. ಅದು ಆಗದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಹದಿನಾಲ್ಕು ಬೇಸಿಗೆ ದಾಟಿಸಿದ್ದೇನೆ. ಜಂಬ ಅಂದರೆ ಜಂಬ, ನನಗೇನೂ ಬೇಸರವಿಲ್ಲ.

ಕೆಲಸ ಸಿಕ್ಕಿದ್ದು

ಹೊಳೆ ಬದಿಯ ತೋಟದವರೆಲ್ಲ ಸೇರಿ ಮೀನು ಉಳಿಸಲು ಒಂದು ಸಂಘ ಮಾಡಿದರು. ಕಾವಲಿಗೆ ಜನ ಬೇಕು ಅಂತ ಸುದ್ದಿಯಾಯಿತು. ನಾನು ಆಗ ಎಸ್ಟೇಟ್ ಒಂದರಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಸಮಯಕ್ಕೆ ಮಾತ್ರ ಕೆಲಸಕ್ಕೆ ಹೋಗುತ್ತಿದ್ದವನು. ಉಳಿದ ತಿಂಗಳು ಏನು ಮಾಡುತ್ತಿದ್ದೆ ಅನ್ನುವುದು ಸ್ವಲ್ಪ ಹೊತ್ತಿನಲ್ಲಿ ನಿಮಗೇ ಗೊತ್ತಾಗುತ್ತದೆ.

ಸಂಘದ ಅಧ್ಯಕ್ಷರ ಮನೆಯ ವರಾಂಡದಲ್ಲಿ ಸಂದರ್ಶನ. ಅಧ್ಯಕ್ಷರು ಅಂದರೆ ದೊಡ್ಡ ಮೀಸೆ, ದೊಡ್ಡ ದನಿ, ಅದಕ್ಕಿಂತ ದೊಡ್ಡ ಕಾಫಿ ತೋಟ. ನನಗಿಂತ ಮೊದಲು ಮೂರು ಜನ ಹೋಗಿ ಬಂದಿದ್ದರು. ಒಬ್ಬ ಮಾಜಿ ಸೈನಿಕ, ಇಬ್ಬರು ಡಿಗ್ರಿ ಓದಿದವರು. ನನ್ನ ಹತ್ತಿರ ಇದ್ದದ್ದು ರೇಷನ್ ಕಾರ್ಡು ಮಾತ್ರ.

"ಮೀನು ಕದಿಯುವವರು ಹೇಗೆ ಕದಿಯುತ್ತಾರೆ, ಗೊತ್ತುಂಟಾ?" ಅಂತ ಕೇಳಿದರು.

ನಾನು ಶುರು ಮಾಡಿದೆ. ಗಾಳ, ಬೀಸುಬಲೆ, ಕಟ್ಟುಬಲೆ, ಬಿದಿರಿನ ಕೂಳಿ, ಮೀನಿಗೆ ಮತ್ತು ಬರಿಸಲು ಜಜ್ಜಿ ಹಾಕುವ ಕಾರೆಕಾಯಿ, ನೀರಲ್ಲಿ ಸಿಡಿಸುವ ತೋಟೆ. ಬೆರಳು ಮಡಚುತ್ತಾ ಹೋದೆ, ಎರಡು ಕೈಯ ಬೆರಳೂ ಮುಗಿಯಿತು. ಅಧ್ಯಕ್ಷರು ಕನ್ನಡಕ ತೆಗೆದಿಟ್ಟರು. ನನಗೆ ಉಮೇದು ಬಂತು.

"ಸಾರ್, ನಿಮ್ಮ ತೋಟದ ಕೆಳಗಡೆ ಹೊಳೆಗೆ ಬಾಗಿದ ನೇರಳೆ ಮರ ಇದೆಯಲ್ಲ, ಅದರ ಹಿಂದೆ ಬೆಳಿಗ್ಗೆ ಕೂತರೆ ನಿಮ್ಮ ಬಂಗಲೆಗೆ ಏನೂ ಕಾಣುವುದಿಲ್ಲ. ಆದರೆ ನಿಮ್ಮ ನಾಯಿ ಬೊಗಳುತ್ತೆ. ಅದಕ್ಕೆ ಎರಡು ಒಣ ಮೀನು ಕೊಟ್ಟರೆ ಸುಮ್ಮನಾಗುತ್ತೆ."

ಅಷ್ಟರಲ್ಲಿ ಆ ನಾಯಿಯೇ ಬಂದು ನನ್ನ ಕಾಲು ನೆಕ್ಕಿತು.

"ಹಾಗಾದರೆ ನೇರಳೆ ಮರದ ಹಿಂದೆ ಕೂರುವವನನ್ನು ಹಿಡಿಯುವುದು ಹೇಗೆ?" ಅಂತ ಅಧ್ಯಕ್ಷರು ನಿಧಾನವಾಗಿ ಕೇಳಿದರು.

"ಹಿಡಿಯುವುದೇ ಬೇಡ ಸಾರ್. ಅವನು ನಾಳೆಯಿಂದ ಅಲ್ಲಿಗೆ ಬರುವುದಿಲ್ಲ."

"ಯಾಕೆ?"

"ಅವನಿಗೆ ಕೆಲಸ ಸಿಕ್ಕಿತಲ್ಲ ಸಾರ್."

ಮೀನು ಎಣಿಕೆ

ಎರಡನೆಯ ಬೇಸಿಗೆಯಲ್ಲಿ ಮೀನುಗಳ ಲೆಕ್ಕ ತೆಗೆದುಕೊಳ್ಳಲು ಒಬ್ಬ ಅಧಿಕಾರಿ ಬಂದರು. ಪಾಪ, ಒಳ್ಳೆಯ ಮನುಷ್ಯ. ಒಂದು ರಟ್ಟಿನ ಮೇಲೆ ಕಾಗದ ಕ್ಲಿಪ್ ಮಾಡಿಕೊಂಡು, ಟೋಪಿ ಹಾಕಿಕೊಂಡು ಬಂಡೆಯ ಮೇಲೆ ನಿಂತರು. ನಾನು ಒಂದು ಸೇರು ಪುರಿ ತಂದಿದ್ದೆ. ನೀರಿಗೆ ಎರಚಿದೆ. ನೋಡುನೋಡುತ್ತಲೇ ಕೆಳಗಿನಿಂದ ಬಂಗಾರದ ಬೆನ್ನುಗಳು ಎದ್ದವು. ಅಧಿಕಾರಿ ಬರೆಯುವುದು ಬಿಟ್ಟು ಬಾಯಿ ತೆರೆದು ನಿಂತರು.

ಆಮೇಲೆ ಅವರಿಗೆ ಕರ್ತವ್ಯ ನೆನಪಾಯಿತು. "ಎಣಿಸಿದ್ದನ್ನೇ ಮತ್ತೆ ಎಣಿಸಬಾರದು. ಇದು ಆಗಲೇ ಬಂದ ಮೀನು ಅಲ್ಲ ಅಂತ ಹೇಗೆ ಗೊತ್ತಾಗುತ್ತೆ?" ಅಂದರು.

"ನನಗೆ ಒಂದೊಂದೂ ಗೊತ್ತು ಸಾರ್. ಅದು ನೋಡಿ, ತುಟಿ ಹರಿದದ್ದು. ಅದು ಒಂದೇ."

"ತುಟಿ ಹೇಗೆ ಹರಿಯಿತು?"

"ಗಾಳಕ್ಕೆ ಬಿದ್ದು ತಪ್ಪಿಸಿಕೊಂಡದ್ದು ಸಾರ್."

"ಬರೆದುಕೊಂಡೆ. ಆ ಬಾಲ ಕತ್ತರಿಸಿದ್ದು?"

"ಬಲೆಯಲ್ಲಿ ಸಿಕ್ಕಿ ಹರಿದುಕೊಂಡು ಹೋದದ್ದು. ನಾಪೋಕ್ಲಿನಿಂದ ತಂದ ಹೊಸ ಬಲೆ ಸಾರ್, ಅನ್ಯಾಯವಾಗಿ ಹಾಳು ಮಾಡಿತು."

"ಅಲ್ಲಿ, ಬೆನ್ನ ಮೇಲೆ ಗಾಯದ ಗುರುತು ಇರುವುದು?"

"ಅದು ಕತ್ತಿ ತಾಗಿದ್ದು. ಅರ್ಧ ಇಂಚು ಈ ಕಡೆ ಬಿದ್ದಿದ್ದರೆ ಇವತ್ತು ನಿಮ್ಮ ಲೆಕ್ಕದಲ್ಲಿ ಒಂದು ಕಡಿಮೆ."

ಹೀಗೆ ಒಂದೂವರೆ ಗಂಟೆ ಎಣಿಸಿದೆವು. ಗಾಯ ಇಲ್ಲದ ಮೀನು ಬಂದಾಗ "ಇದರ ಪರಿಚಯ ಇಲ್ಲ ಸಾರ್, ಹೊಸದು" ಅಂದೆ. ಅಂಥವು ಗಾಯದವಕ್ಕಿಂತ ಹೆಚ್ಚಿದ್ದವು. ಅದನ್ನು ಹೇಳುವಾಗ ನನ್ನ ಎದೆ ಉಬ್ಬಿತು, ಯಾಕೆಂದರೆ ಅವೆಲ್ಲ ನಾನು ಕಾವಲಿಗೆ ಬಂದ ಮೇಲೆ ಬೆಳೆದ ಮರಿಗಳು.

ಕೊನೆಗೆ ಅಧಿಕಾರಿ ಷರಾ ಬರೆದು ನನಗೆ ಓದಿ ಹೇಳಿದರು: "ಕಾವಲುಗಾರನಿಗೆ ಇಲ್ಲಿನ ಮೀನುಗಳೊಂದಿಗೆ ಬಹಳ ಹಿಂದಿನಿಂದ ನಿಕಟ ಸಂಪರ್ಕವಿದ್ದು, ಅನೇಕ ಮೀನುಗಳು ಈತನನ್ನು ಮರೆಯುವ ಸ್ಥಿತಿಯಲ್ಲಿಲ್ಲ."

ಮೂರು ಬೋರ್ಡು

ದುಬಾರೆಗೆ ಆನೆ ನೋಡಲು ಬರುವ ಪ್ರವಾಸಿಗಳು ಮೊದಲೆಲ್ಲ ನಮ್ಮ ಕಡೆ ತಲೆ ಹಾಕುತ್ತಿರಲಿಲ್ಲ. ಅವರಿಗೆ ಒರತೆಗುಂಡಿ ಇದೆ ಅಂತಲೇ ಗೊತ್ತಿರಲಿಲ್ಲ. ಒಂದು ಸಭೆಯಲ್ಲಿ ಸಂಘದವರು ಬೋರ್ಡು ಹಾಕಬೇಕು ಅಂತ ತೀರ್ಮಾನ ಮಾಡಿದರು. ರಸ್ತೆ ಬದಿಯಲ್ಲಿ ಬಾಣದ ಗುರುತು ಸಹಿತ ಹಾಕಿದೆವು: "ಇಲ್ಲಿ ದೊಡ್ಡ ಬಿಳಿಮೀನುಗಳಿವೆ. ಹಿಡಿಯುವುದು ನಿಷೇಧ."

ಮುಂದಿನ ಭಾನುವಾರ ಹನ್ನೊಂದು ಕಾರು. ಒಬ್ಬರು ಇಳಿದವರೇ, "ಎಷ್ಟು ದೊಡ್ಡದು?" ಅಂತ ಕೇಳಿದರು. ಇನ್ನೊಬ್ಬರು ಡಿಕ್ಕಿಯಿಂದ ಗಾಳವನ್ನೇ ತೆಗೆದರು. "ನಿಷೇಧ ಅಂತ ಬರೆದಿದೆಯಲ್ಲ ಸಾರ್" ಅಂದರೆ, "ಹಿಡಿಯುವುದಿಲ್ಲಪ್ಪ, ಬರೀ ಹಾಕಿ ನೋಡುವುದು" ಅಂದರು. ಅವತ್ತು ಸಂಜೆಯ ತನಕ ನಾನು ನೀರಿಗೂ ಜನಕ್ಕೂ ನಡುವೆ ಬೇಲಿಯ ಹಾಗೆ ನಿಂತಿದ್ದೆ.

ಆ ಬೋರ್ಡು ಕಿತ್ತು ನಾನೇ ಇನ್ನೊಂದು ಬರೆಸಿದೆ: "ಎಚ್ಚರಿಕೆ. ಮೊಸಳೆ ಇದೆ." ಇನ್ನು ಯಾರೂ ಬರಲಾರರು ಅಂತ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ. ಮಾರನೆಯ ಭಾನುವಾರ ಇಪ್ಪತ್ತಮೂರು ಕಾರು. ಆನೆ ನೋಡಲು ಹೊರಟವರೂ ಆನೆ ಬಿಟ್ಟು ಬಂದಿದ್ದರು. ಮೊಸಳೆ ತೋರಿಸು ಅಂತ ನನ್ನ ಮೇಲೆಯೇ ಗಲಾಟೆ. ಒಬ್ಬ ಹೆಂಗಸಂತೂ "ಇಷ್ಟು ದೂರ ಬಂದಿದ್ದೇವೆ, ಬಾಲ ಆದರೂ ತೋರಿಸಿ" ಅಂತ ಪಟ್ಟು ಹಿಡಿದು ಕೂತರು.

ಆ ವಾರ ತಲೆ ಕೆಡಿಸಿಕೊಂಡು ಮೂರನೆಯ ಬೋರ್ಡು ಬರೆಸಿದೆ: "ಪ್ರತಿ ಭಾನುವಾರ ಇಲ್ಲಿ ಸ್ವಚ್ಛತಾ ಶ್ರಮದಾನ. ಬಂದವರು ಕಾವಲುಗಾರನ ಬಳಿ ಹೆಸರು ಬರೆಸಿ ಗುದ್ದಲಿ ಪಡೆಯಬೇಕು."

ಆ ಬೋರ್ಡಿಗೆ ಈಗ ಒಂಬತ್ತು ವರ್ಷ. ಬಣ್ಣ ಮಾಸಿದಾಗಲೆಲ್ಲ ಹೊಸದಾಗಿ ಬರೆಸುತ್ತೇನೆ. ಇಲ್ಲಿಯ ತನಕ ಯಾರೊಬ್ಬರೂ ಗುದ್ದಲಿ ಕೇಳಿಕೊಂಡು ಬಂದಿಲ್ಲ.

ಭಾನುವಾರದ ಅನುಮಾನ

ಹೊಳೆ ಮೀನು ಕಾಯಲು ಶುರು ಮಾಡಿದ ಮೇಲೆ ನಮ್ಮ ಮನೆಯಲ್ಲಿ ಹೊಳೆ ಮೀನು ನಿಂತಿತು. ನಾಲಿಗೆ ನಿಲ್ಲಬೇಕಲ್ಲ. ಭಾನುವಾರ ಬೈಕಿನಲ್ಲಿ ಮೀನು ಮಾರಲು ಬರುವ ಕಾಕನ ಹತ್ತಿರ ಅರ್ಧ ಕೆಜಿ ಮತ್ತಿ ತೆಗೆದುಕೊಳ್ಳುವುದು ರೂಢಿಯಾಯಿತು. ಮತ್ತಿ ಸಮುದ್ರದ ಮೀನು, ನಮ್ಮ ಹೊಳೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಕಾವಲಿಯ ಮೇಲೆ ಹುರಿಯುವಾಗ ವಾಸನೆ ತಾನು ಎಲ್ಲಿಂದ ಬಂದೆ ಅಂತ ಹೇಳುವುದಿಲ್ಲ.

ಊರಿನಲ್ಲಿ ಗುಸುಗುಸು ಎದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಯಾರಿಗೆ ಗೊತ್ತಿಲ್ಲ! ಒಂದು ಭಾನುವಾರ ಪಕ್ಕದ ಮನೆಯವನು ಬಾಗಿಲಿಗೇ ಬಂದು, "ಎಂಥ ಮಾರಾಯ, ಒರತೆಗುಂಡಿ ವಾಸನೆ ಬರ್ತಾ ಉಂಟಲ್ಲ?" ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಕದ್ದು ತಿನ್ನುತ್ತಿದ್ದಾಗ ಒಬ್ಬನೂ ಕೇಳಿರಲಿಲ್ಲ, ದುಡಿದು ತಿನ್ನುವಾಗ ವಿಚಾರಣೆ! ನನ್ನ ಹೆಂಡತಿ ತಟ್ಟೆಗೆ ಎರಡು ಮತ್ತಿ ಹಾಕಿ ಅವನ ಕೈಗೆ ಕೊಟ್ಟಳು. "ತಿಂದು ನೋಡಿ ಅಣ್ಣ. ಬಿಳಿಮೀನಾದರೆ ನನ್ನ ಹೆಸರು ಬದಲಾಯಿಸಿ."

ಅವನು ಎರಡನ್ನೂ ಮುಳ್ಳು ಸಹಿತ ಮುಗಿಸಿ, "ಇಲ್ಲ, ಮತ್ತಿಯೇ" ಅಂತ ಒಪ್ಪಿಕೊಂಡ. ಊರಿನಲ್ಲೆಲ್ಲ ನನ್ನ ಪರವಾಗಿ ಹೇಳಿಯೂ ಬಂದ. ನನಗೆ ಸಮಾಧಾನವಾಯಿತು.

ಆದರೆ ಅದಾದ ಮೇಲೆ ನನ್ನ ಪ್ರಾಮಾಣಿಕತೆಯ ಬಗ್ಗೆ ಅವನಿಗೆ ಪ್ರತಿ ಭಾನುವಾರ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಅನುಮಾನ ಬರುತ್ತದೆ. ಈಗ ಕಾಕನ ಹತ್ತಿರ ಒಂದು ಕೆಜಿ ತೆಗೆದುಕೊಳ್ಳುತ್ತೇವೆ.

ಅಜ್ಜಿಯ ಬೂದಿ

ಮಳೆಗಾಲ ಮುಗಿದು ಹೊಳೆ ತಿಳಿಯಾದ ಮೇಲೆ, ಒರತೆಗುಂಡಿಯಿಂದ ದೂರದಲ್ಲಿ, ಸಂಘದ ಅಪ್ಪಣೆ ಪಡೆದವರಿಗೆ ಗಾಳ ಹಾಕಲು ಬಿಡುತ್ತೇವೆ. ನಿಯಮ ಕಟ್ಟುನಿಟ್ಟು. ಮೀನು ಸಿಕ್ಕಿದರೆ ತೂಕ ನೋಡಿ, ಒಂದು ಫೋಟೋ ತೆಗೆದು, ಜೋಪಾನವಾಗಿ ನೀರಿಗೆ ಬಿಟ್ಟುಬಿಡಬೇಕು.

ಒಂದು ಡಿಸೆಂಬರಿನಲ್ಲಿ ಮೈಸೂರಿನ ಕಡೆಯಿಂದ ಒಬ್ಬ ಅತಿಥಿ ಬಂದರು. ಮೊದಲ ದಿನವೇ ತೋಳುದ್ದದ ಬಿಳಿಮೀನು ಬಿತ್ತು. ಎದುರು ದಂಡೆಯ ಕಟ್ಟೆಯಲ್ಲಿ ಒಬ್ಬ ಕೊಡವ ಅಜ್ಜಿ ಪಾತ್ರೆ ತೊಳೆಯುತ್ತಿದ್ದರು. ಎಂಬತ್ತು ದಾಟಿದವರು. ಮೀನು ನೋಡಿ ಎದ್ದು ನಿಂತರು. ಅತಿಥಿ ತೂಕ ಮಾಡಿದರು, ಫೋಟೋ ತೆಗೆಸಿಕೊಂಡರು, ಬಗ್ಗಿ ನೀರಿಗೆ ಬಿಟ್ಟರು. ಅಜ್ಜಿ "ಅಯ್ಯೋ!" ಅಂತ ಕೂಗಿದ್ದು ಈಚೆ ದಂಡೆಗೂ ಕೇಳಿಸಿತು.

ಎರಡನೆಯ ದಿನ ಇನ್ನೊಂದು ಸಿಕ್ಕಿತು. ಅದನ್ನೂ ಬಿಟ್ಟರು. ಅಜ್ಜಿ ತಲೆ ತಲೆ ಚಚ್ಚಿಕೊಂಡರು.

ಮೂರನೆಯ ದಿನ ಬೆಳಿಗ್ಗೆ ಅಜ್ಜಿ ತೂಗುಸೇತುವೆ ದಾಟಿ ಬಂದರು. ಕೈಯಲ್ಲಿ ಬಾಳೆಲೆಯ ಪೊಟ್ಟಣ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಪಾಪ, ಒಳ್ಳೆ ಮನೆತನದ ಹಾಗೆ ಕಾಣುತ್ತೆ. ಕೈಯಲ್ಲಿ ಹಿಡಿತ ಇಲ್ಲ. ಎರಡು ದಿನವೂ ಜಾರಿ ಹೋಯಿತು. ಇದನ್ನು ಕೊಡು" ಅಂದರು.

ಪೊಟ್ಟಣದಲ್ಲಿದ್ದದ್ದು ಒಲೆಯ ಬೂದಿ. ನಮ್ಮ ಕಡೆ ಹೆಂಗಸರು ಮೀನು ಕೊಯ್ದು ಸವರುವಾಗ ಜಾರಬಾರದು ಅಂತ ಕೈಗೆ ಬೂದಿ ಹಚ್ಚಿಕೊಳ್ಳುತ್ತಾರೆ. ನಾನು ನಿಯಮ ವಿವರಿಸಲು ನೋಡಿದೆ. "ಬೇಕು ಅಂತಲೇ ಬಿಡುತ್ತಾರೆ ಅಜ್ಜಿ, ಮೀನು ಉಳಿಯಲಿ ಅಂತ." ಅಜ್ಜಿ ನನ್ನ ಮುಖ ನೋಡಿ, "ಅವರ ಮಾನ ಉಳಿಸೋಕೆ ಎಷ್ಟು ಸುಳ್ಳು ಹೇಳ್ತೀಯ! ಒಳ್ಳೆಯವನಾಗಿದ್ದೀಯ ಈಗ" ಅಂತ ಬೆನ್ನು ತಟ್ಟಿ ಹೋದರು.

ನಾನು ಪೊಟ್ಟಣ ತಂದು ಅತಿಥಿಗೆ ಕೊಟ್ಟೆ. "ಆಚೆ ದಂಡೆಯ ಅಜ್ಜಿ ಕೊಟ್ಟರು" ಅಂತ ಹೇಳಿ ಮುಂದಿನ ಮಾತು ಆಡುವಷ್ಟರಲ್ಲಿ ಅವರು ಚಪ್ಪಲಿ ಬಿಟ್ಟು, ಪೂರ್ವಕ್ಕೆ ತಿರುಗಿ, ಹಣೆಗೆ ಮೂರು ಬೆರಳು ಎಳೆದುಕೊಂಡು, ಚೂರು ಬಾಯಿಗೂ ಹಾಕಿಕೊಂಡಿದ್ದರು.

ಅವತ್ತು ಬಿದ್ದದ್ದು ಆ ವರ್ಷದ ಅತಿ ದೊಡ್ಡ ಮೀನು. ಈಗ ಆ ಅತಿಥಿ ಪ್ರತಿ ಡಿಸೆಂಬರ್ ಬಂದ ಕೂಡಲೇ ಗಾಳ ಬಿಚ್ಚುವ ಮೊದಲು ಅಜ್ಜಿಯ ಮನೆಗೆ ಹೋಗಿ ಕಾಲಿಗೆ ಬೀಳುತ್ತಾರೆ. ಅಜ್ಜಿ ಒಲೆಯ ಮುಂದೆ ಕೂತು, "ಇನ್ನೂ ಹಿಡಿತ ಬರಲಿಲ್ಲವಾ ಮಗ?" ಅಂತ ಕೇಳಿ ಒಂದು ಹಿಡಿ ತುಂಬಿಸಿ ಕೊಡುತ್ತಾರೆ.

ಜಪ್ತಿ ಪುಸ್ತಕ

ಇದು ಹೋದ ಬೇಸಿಗೆಯ ಮಾತು. ಮಾರ್ಚ್ ಕಳೆದರೂ ಹೂಮಳೆ ಬರಲಿಲ್ಲ. ಹೂಮಳೆ ಇಲ್ಲದಿದ್ದರೆ ಕಾಫಿ ಮೊಗ್ಗು ಅರಳುವುದಿಲ್ಲ, ಅರಳದಿದ್ದರೆ ಮುಂದಿನ ವರ್ಷದ ಬೆಳೆ ಇಲ್ಲ. ತೋಟದವರೆಲ್ಲ ದಿನವಿಡೀ ಆಕಾಶ ನೋಡುತ್ತಿದ್ದರು. ನಾನು ಎಮ್ಮೆಬಂಡೆ ನೋಡುತ್ತಿದ್ದೆ. ಅದು ಒರತೆಗುಂಡಿಯ ನಡುವೆ ಇರುವ ಬಂಡೆ. ಬೆನ್ನು ಕಂಡರೆ ಮಾಮೂಲು ಬೇಸಿಗೆ, ಹೊಟ್ಟೆ ಕಂಡರೆ ಅಪಾಯ.

ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ, ಎಮ್ಮೆಯ ಹೊಟ್ಟೆ ಪೂರ್ತಿ ಕಾಣುತ್ತಿದೆ. ಒಂದೇ ದಿನದಲ್ಲಿ ಅಷ್ಟು ಇಳಿಯುವುದು ಬಿಸಿಲಿನಿಂದಲ್ಲ. ದಂಡೆಯ ಬಿದಿರು ಸರಿಸಿದೆ. ಕೈಯಷ್ಟು ದಪ್ಪದ ಪೈಪು. ಪೈಪಿನ ಜೊತೆಗೇ ನಡೆದೆ. ಅದು ಗುಡ್ಡ ಹತ್ತಿ ಒಂದು ಪಂಪಿಗೆ ಹೋಯಿತು, ಪಂಪಿನಿಂದ ಒಂದು ತೋಟಕ್ಕೆ ಹೋಯಿತು. ತೋಟ ನಮ್ಮ ಅಧ್ಯಕ್ಷರದು. ಅಲ್ಲಿದ್ದ, ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್, "ಸಾರ್ ಹೇಳಿದ್ದು, ಎಲ್ಲಿಂದಾದರೂ ನೀರು ತಂದು ಹೊಳೆ ಬದಿ ಬ್ಲಾಕಿಗೆ ಬಿಡು ಅಂತ. ನಾನು ತಂದೆ" ಅಂದರು.

ನೇರ ಬಂಗಲೆಗೆ ಹೋದೆ. ಅಧ್ಯಕ್ಷರು ಕಾಫಿ ಕುಡಿಯುತ್ತಿದ್ದರು.

"ಸಾರ್, ಒರತೆಗುಂಡಿಗೆ ಯಾರೋ ಪೈಪು ಇಳಿಸಿದ್ದಾರೆ."

ಲೋಟ ಕುಕ್ಕಿದರು. "ಯಾವನವನು! ಇಂಥ ಬೇಸಿಗೆಯಲ್ಲಿ! ಮೀನಿನ ಗತಿ ಏನು?"

"ಸಾರ್, ಅದು ಯಾರು ಅಂದರೆ..."

"ಹೆಸರು ಹೇಳಬೇಡ! ಹೆಸರು ಕೇಳಿದರೆ ನನಗೆ ದಾಕ್ಷಿಣ್ಯ ಬರುತ್ತೆ. ಎಲ್ಲ ನೆಂಟರೇ ನಮಗೆ."

"ಅಲ್ಲ ಸಾರ್, ತುಂಬ ಹತ್ತಿರದವರು..."

"ನನ್ನ ತಮ್ಮನೇ ಆಗಲಿ! ಮೊದಲು ಸಾಮಾನು ಕಿತ್ತುಕೊಂಡು ಬಾ. ನನ್ನ ಅಪ್ಪಣೆ."

ಅಪ್ಪಣೆ ಅಂದ ಮೇಲೆ ಮುಗಿಯಿತು. ಹೋಗಿ ಪೈಪಿನ ತುದಿಯ ಫುಟ್ ವಾಲ್ವ್ ಬಿಚ್ಚಿ ಹೆಗಲ ಮೇಲೆ ಹೊತ್ತು ತಂದು ವರಾಂಡದಲ್ಲಿ ಇಟ್ಟೆ. ಅಧ್ಯಕ್ಷರು "ಭೇಷ್" ಅಂದರು. ಸುತ್ತಲೂ ತಿರುಗಿ ನೋಡಿದರು. ಬಗ್ಗಿ ನೋಡಿದರು.

"ಇದರ ಮೇಲೆ ನಮ್ಮ ತೋಟದ ಹಸಿರು ಪೇಂಟ್ ಯಾಕಿದೆ?"

"ನಮ್ಮ ತೋಟದ್ದೇ ಆದ್ದರಿಂದ ಸಾರ್."

ಅಧ್ಯಕ್ಷರ ಮೀಸೆ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ನನ್ನ ಕೆಲಸ ಹೋಯಿತು ಅಂತಲೇ ಲೆಕ್ಕ ಹಾಕಿದೆ. ಅವರು ವಾಲ್ವಿನಿಂದ ಕಣ್ಣೆತ್ತಿ, "ಮೀನು?" ಅಂತ ಕೇಳಿದರು.

"ಇವತ್ತಿಗೆ ಇವೆ ಸಾರ್. ಇನ್ನೆರಡು ದಿನ ಪಂಪು ಓಡಿದರೆ ಇರುವುದಿಲ್ಲ."

ಚಪ್ಪಲಿ ಮೆಟ್ಟಿ ನನ್ನ ಜೊತೆ ಹೊಳೆಗೆ ಇಳಿದರು. ಮೀನುಗಳೆಲ್ಲ ಒರತೆಯ ಬಾಯಿಯ ಹತ್ತಿರ ಒತ್ತೊತ್ತಾಗಿ ನಿಂತಿದ್ದವು, ಕೆಲವಕ್ಕೆ ಬೆನ್ನು ಮುಳುಗುವಷ್ಟೂ ನೀರಿರಲಿಲ್ಲ. ಅಧ್ಯಕ್ಷರು ಒಮ್ಮೆ ಅವನ್ನು ನೋಡಿದರು, ಒಮ್ಮೆ ಮೇಲೆ ಒಣಗುತ್ತಿದ್ದ ಮೊಗ್ಗು ನೋಡಿದರು. ಅದು ಅವರ ತೋಟದಲ್ಲೇ ಒಳ್ಳೆಯ ಬ್ಲಾಕು. ಆಮೇಲೆ ರೈಟರನ್ನು ಕೂಗಿ, "ಪಂಪು ಇವತ್ತೇ ಎತ್ತಿ. ಈ ಬ್ಲಾಕಿಗೆ ಮಳೆ ಬಂದಾಗ ನೀರು" ಅಂದರು. ಇಂಥವರ ಕೈಕೆಳಗೆ ಕೆಲಸ ಮಾಡುತ್ತೇನೆ ಅಂತ ಅವತ್ತು ಪಟ್ಟ ಹೆಮ್ಮೆ ಇನ್ನೂ ಇಳಿದಿಲ್ಲ.

ಮಳೆ ಬಂದದ್ದು ಹನ್ನೊಂದು ದಿನ ಬಿಟ್ಟು. ಆ ಬ್ಲಾಕಿನ ಹೂವು ಅರ್ಧಕ್ಕರ್ಧ ಹೋಯಿತು. ಮೀನು ಒಂದೂ ಹೋಗಲಿಲ್ಲ.

ಆದರೆ ಪಂಪು ಎತ್ತಿಸಿ ವರಾಂಡಕ್ಕೆ ಮರಳಿದಾಗ ಇನ್ನೊಂದು ಕೆಲಸ ಬಾಕಿ ಇತ್ತು. ಏನೇ ಸಾಮಾನು ಹಿಡಿದು ತಂದರೂ ಸಂಘದ ಜಪ್ತಿ ಪುಸ್ತಕದಲ್ಲಿ ಬರೆಯಬೇಕು. ನಾನು ತಾರೀಕು ಬರೆದೆ, "ಫುಟ್ ವಾಲ್ವ್ ಒಂದು" ಅಂತ ಬರೆದೆ. "ತಪ್ಪು ಮಾಡಿದವರ ಹೆಸರು" ಅನ್ನುವ ಜಾಗ ಖಾಲಿ ಬಿಟ್ಟೆ.

"ಅಲ್ಲಿ ಯಾಕೆ ಬರೆದಿಲ್ಲ?" ಅಂದರು ಅಧ್ಯಕ್ಷರು.

"ಪೆನ್ನು ಬರೆಯುತ್ತಿಲ್ಲ ಸಾರ್."

"ಕೊಡು ಇಲ್ಲಿ."

ಅವರ ಕೈಯಲ್ಲಿ ಚೆನ್ನಾಗಿಯೇ ಬರೆಯಿತು. ತಮ್ಮ ಹೆಸರನ್ನು ಮನೆತನದ ಹೆಸರು ಸಹಿತ ಬರೆದರು. ಕೊನೆಯಲ್ಲಿ "ಅಧ್ಯಕ್ಷರ ತೀರ್ಮಾನ" ಅಂತ ಇತ್ತು. ಸ್ವಲ್ಪ ಯೋಚಿಸಿ ಬರೆದರು: "ಆರೋಪಿಯು ಊರಿನ ಗಣ್ಯರು. ತಪ್ಪು ಒಪ್ಪಿಕೊಂಡಿದ್ದಾರೆ. ಮೊದಲ ಸಲವಾದ್ದರಿಂದ ಕಠಿಣ ಎಚ್ಚರಿಕೆ ಕೊಟ್ಟು ಬಿಡಲಾಗಿದೆ." ಕೆಳಗೆ ಆರೋಪಿಯಾಗಿ ಒಂದು ರುಜು, ಅಧ್ಯಕ್ಷರಾಗಿ ಒಂದು ರುಜು.

"ಸಾಕ್ಷಿಯ ರುಜು ಬೇಕಲ್ಲ ಸಾರ್" ಅಂದೆ.

ಅಷ್ಟರಲ್ಲಿ ಅಧ್ಯಕ್ಷರ ಹೆಂಡತಿ ನಮಗೆ ಕಾಫಿ ತಂದವರು ಟ್ರೇ ಅಲ್ಲೇ ಇಟ್ಟು ಪುಸ್ತಕ ಎತ್ತಿಕೊಂಡರು. ಮೇಲಿನಿಂದ ಕೆಳಗಿನ ತನಕ ಓದಿದರು. ಮತ್ತೊಮ್ಮೆ ಓದಿದರು.

"ಮದುವೆಯಾಗಿ ಮೂವತ್ತೆರಡು ವರ್ಷ. ಇವರು ತಪ್ಪು ಒಪ್ಪಿಕೊಂಡಿದ್ದನ್ನು ಇವತ್ತೇ ನೋಡಿದ್ದು. ಪೆನ್ನು ಕೊಡಿ, ಸಾಕ್ಷಿ ನಾನೇ" ಅಂದರು.

ದೊಡ್ಡದಾಗಿ ರುಜು ಹಾಕಿದರು. ಹಾಕಿದ ಮೇಲೆ ಪುಸ್ತಕ ಕೆಳಗಿಡಲಿಲ್ಲ. ಹಾಳೆ ಮಗುಚಿ ನೋಡಿದರು, ಮುಂದೆ ಎಷ್ಟು ಹಾಳೆ ಖಾಲಿ ಇದೆ ಅಂತ ಬೆರಳಿನಿಂದ ಎಣಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತು, ಬಹಳ ಗಂಭೀರವಾಗಿ ಕೇಳಿದರು:

"ಇದರಲ್ಲಿ ಮೀನಿಗೆ ಮಾಡಿದ ತಪ್ಪು ಮಾತ್ರ ಬರೆಯೋದಾ, ಹೆಂಡತಿಗೆ ಮಾಡಿದ್ದೂ ಬರೆಯಬಹುದಾ?"